ಏನೂ ಹಾಕಿಲ್ಲವಲ್ಲ, ದುಡ್ಡು ಯಾಕೆ?

ಇವತ್ತು ಬೆಳಿಗ್ಗೆ ಆಯಿಲ್ ಬದಲಿಸೋಕೆ ಗ್ಯಾರೇಜಿಗೆ ಹೋಗಿದ್ದೆ. ನನ್ನ ಹಳೇ ಕಾರಿನ ಪುರಾಣ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. (ಸ್ವಲ್ಪ ಹೇಳುತ್ತೇನೆ, ಆಮೇಲೆ.) ಅಲ್ಲಿ ಒಂದು ಜಗಳ ನೋಡಿದೆ. ಸಂಜೆಯಾದರೂ ತಲೆಯಿಂದ ಹೋಗಿಲ್ಲ.

ಒಬ್ಬರು ಬಿಳಿ ಕಾರು ತಂದಿದ್ದರು. ಮಿಸ್ಸಿಂಗ್, ಅಂದರೆ ಎಂಜಿನ್ನಿನ ಸಿಲಿಂಡರಿನೊಳಗೆ ಪೆಟ್ರೋಲು ಆಗಾಗ ಉರಿಯದೆ ತಪ್ಪುವುದು. ಸಿಗ್ನಲ್‌ನಲ್ಲಿ ನಿಂತರೆ ಚಳಿಜ್ವರ ಬಂದ ಹಾಗೆ ನಡುಗುತ್ತದೆ, ಓಡುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಯಾವುದೋ ವಿಡಿಯೊ ನೋಡಿ ಕಿಡಿ ಹೊತ್ತಿಸುವ ನಾಲ್ಕೂ ಪ್ಲಗ್ ಬದಲಿಸಿದ್ದರಂತೆ. ನಡುಕ ನಿಂತಿಲ್ಲ. ಆಮೇಲೆ ಪೆಟ್ರೋಲಿಗೆ 20% ಎಥೆನಾಲ್ ಬೆರೆಸುವವರನ್ನು ಬೈದರಂತೆ. ಆಗಲೂ ನಿಂತಿಲ್ಲ. (ಎಥೆನಾಲ್ ಮೇಲೆ ನನಗೂ ಸಿಟ್ಟಿದೆ. ಅದು ಬೇರೆ ಪೋಸ್ಟ್.)

ನಮ್ಮ ಮೆಕ್ಯಾನಿಕ್ ಒಂದೂವರೆ ಗಂಟೆ ಬಾನೆಟ್ ಕೆಳಗೆ ಬಗ್ಗಿಕೊಂಡೇ ಇದ್ದರು. ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿದರೆ ಪಿ0300 ಅನ್ನುವ ಕೋಡ್ ಬಂತು. ಅಂದರೆ ಒಂದೇ ಸಿಲಿಂಡರ್ ಅಲ್ಲ, ಒಮ್ಮೆ ಇದು ತಪ್ಪುತ್ತದೆ, ಒಮ್ಮೆ ಅದು. 'ಹಂಗಾದ್ರೆ ಎಲ್ಲಕ್ಕೂ ಸೇರಿದ್ದೇ ಏನೋ ಇದೆ' ಅಂದುಕೊಂಡು, ಎಂಜಿನ್ ಓಡುತ್ತಿರುವಾಗಲೇ ಗಾಳಿ ಪೈಪುಗಳ ಸುತ್ತ ಕ್ಲೀನರ್ ಸ್ಪ್ರೇ ಹೊಡೆಯುತ್ತಾ ಕಿವಿ ಕೊಟ್ಟು ನಿಂತರು. ಒಂದು ಕಡೆ ಸದ್ದು ಬದಲಾಯಿತು. ಬೆರಳು ದಪ್ಪದ ರಬ್ಬರ್ ಪೈಪು, ಅಡಿಯಲ್ಲಿ ಸೀಳು. ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ನುಗ್ಗಿ ಪೆಟ್ರೋಲಿನ ಹದ ಕೆಡುತ್ತಿತ್ತು. ಹಿಟ್ಟು ನೀರಾದರೆ ದೋಸೆ ಏಳುತ್ತದೆಯೇ?

ಪೈಪಿಗೆ 80, ಕೆಲಸಕ್ಕೆ 700 ಅಂದರು. ಶುರುವಾಯಿತು.

'ಎಂಬತ್ತು ರೂಪಾಯಿ ಪೈಪಿಗೆ ಏಳುನೂರು ಲೇಬರಾ? ನೀವು ಏನೂ ಹಾಕಿಲ್ಲವಲ್ರೀ!'

ಕೊನೆಗೆ 500ರ ಒಂದು ನೋಟು ಕೊಟ್ಟು ಹೋದರು. ಎಲ್ಲ ಸೇರಿ. ಪ್ಲಗ್ಗಿಗೆ ಸುರಿದ ದುಡ್ಡಿನ ಬಗ್ಗೆ ತಕರಾರಿಲ್ಲ, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಬ್ಬಿಣಕ್ಕೆ ಕೊಡುತ್ತೇವೆ, ತಲೆಗೆ ಕೊಡುವುದಿಲ್ಲ.

ಇನ್ನು ನನ್ನ ಕತೆ. ಹೋದ ವರ್ಷ ನನ್ನ ಕಾರೂ ಇದೇ ಕಾಯಿಲೆ ಹಿಡಿಸಿಕೊಂಡಿತ್ತು. ಎಂಜಿನ್ ಲೈಟ್ ಮಿಣಮಿಣ ಅನ್ನುತ್ತಿತ್ತು. (ಸುಮ್ಮನೆ ಹೊತ್ತಿಕೊಂಡಿದ್ದರೆ ಒಂದು ಥರ, ಮಿಣುಕಿದರೆ ಅಪಾಯ. ಉರಿಯದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ ಇರುತ್ತದೆ ಸ್ವಾಮಿ. ಅದು ಸುಟ್ಟರೆ ಎಷ್ಟಾಗಬಹುದು ನೀವೇ ಯೋಚಿಸಿ.) ಗಾಜಿನ ಗೋಡೆ, ಕಾಫಿ ಮೆಷಿನ್ ಎಲ್ಲ ಇರುವ ಒಂದು ಸರ್ವಿಸ್ ಸೆಂಟರಿಗೆ ಹೋದೆ. ಬಾನೆಟ್ ತೆಗೆಯುವ ಮೊದಲೇ ಎಸ್ಟಿಮೇಟ್ ಬಂತು. ನಾಲ್ಕು ಕಾಯಿಲ್ (ಪ್ಲಗ್ಗಿಗೆ ಕರೆಂಟು ಕೊಡುವ ಸುರುಳಿ) 9,600. ನಾಲ್ಕು ಪ್ಲಗ್ 1,800. ಇಂಜೆಕ್ಟರ್ ಕ್ಲೀನಿಂಗ್ 1,800. ಥ್ರಾಟಲ್ ಬಾಡಿ 900. ಲೇಬರ್ 1,200. ಮೇಲೆ ಟ್ಯಾಕ್ಸ್. ಯಾಕೆ ನಾಲ್ಕೂ ಅಂತ ಕೇಳಿದರೆ, 'ಸೇಫ್ಟಿಗೆ ಮೇಡಂ. ಬೇಕಿದ್ರೆ ಸಾರ್ ಹತ್ರ ಮಾತಾಡ್ತೀನಿ, ನಂಬರ್ ಕೊಡಿ' ಅಂದ ಹುಡುಗ. ನಮ್ಮ ಮನೆಯ ಸಾರ್‌ಗೆ ಡಿಕ್ಕಿ ತೆಗೆಯೋಕೂ ಬರುವುದಿಲ್ಲ, ಆ ಮಾತು ಬಿಡಿ.

ಅಲ್ಲಿಂದ ಸೀದಾ ನಮ್ಮ ಈ ಮೆಕ್ಯಾನಿಕ್ ಹತ್ತಿರ ಬಂದೆ. ಪಿ0303, ಮೂರನೇ ಸಿಲಿಂಡರ್. ಮೂರನೆಯದರ ಕಾಯಿಲ್ ಕಿತ್ತು ಒಂದನೆಯದಕ್ಕೆ, ಒಂದನೆಯದನ್ನು ಮೂರಕ್ಕೆ. ಕೋಡ್ ಅಳಿಸಿ ಒಂದು ಸುತ್ತು ಓಡಿಸಿದರು. ಈಗ ಪಿ0301 ಬಂತು. ಕಾಯಿಲೆ ಕಾಯಿಲ್ ಜೊತೆಗೇ ನಡೆದು ಹೋಗಿದೆ! ಹಾಗೇ ಮೂರರಲ್ಲೇ ನಿಂತಿದ್ದರೆ ಪ್ಲಗ್, ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್ ಅಂತ ಹುಡುಕಬೇಕಿತ್ತು. ಒಂದೇ ಕಾಯಿಲ್, 2,400. ಕೆಲಸಕ್ಕೆ 400 ಕೇಳಿದರು.

ನಾನು ಏನಂದೆ ಗೊತ್ತಾ? 'ಹತ್ತು ನಿಮಿಷದ ಕೆಲಸಕ್ಕೆ ನಾನೂರಾ?' ಅಂದೆ. 300 ಕೊಟ್ಟೆ. ಸಾವಿರಾರು ರೂಪಾಯಿ ಉಳಿಸಿಕೊಟ್ಟವರ ಹತ್ತಿರ ನೂರು ರೂಪಾಯಿ ಕಿತ್ತುಕೊಂಡು, ಗೆದ್ದ ಮುಖ ಮಾಡಿಕೊಂಡು ಮನೆಗೆ ಬಂದಿದ್ದೆ.

22 ವರ್ಷದಿಂದ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ನಾನು ಯಾವ ಮಗುವಿನ ತಲೆಗೆ ಯಾವ ಸಾಮಾನು ಹಾಕಿದ್ದೇನೆ? ಸೀಮೆಸುಣ್ಣ ಕೂಡ ಕಾಲೇಜಿನದು. 'ಏನೂ ಹಾಕಿಲ್ಲವಲ್ಲ' ಅಂತ ಸಂಬಳ ಹಿಡಿದರೆ ಮಾರನೇ ದಿನವೇ ಗೇಟಿನ ಹತ್ತಿರ ಧರಣಿ ಕೂರುತ್ತೇನೆ.

ಈಗ ಒಂದಿಬ್ಬರು ಬಂದೇ ಬರುತ್ತೀರಿ. 'ಮೇಡಂ, ಕೆಲವರು ಎರಡು ನಿಮಿಷ ಸ್ಕ್ಯಾನರ್ ಚುಚ್ಚಿ ಐನೂರು ಕೀಳ್ತಾರೆ' ಅಂತ. ಹೌದು, ಕೀಳುತ್ತಾರೆ. ಆದರೆ ಅದು ಪತ್ತೆ ಹಚ್ಚುವುದಲ್ಲ, ಬರೀ ಓದುವುದು. ಫೋನಿಗೆ ಜೋಡಿಸುವ ಪುಟ್ಟ ಸ್ಕ್ಯಾನರ್ ಆನ್‌ಲೈನಲ್ಲಿ ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ, ನೀವೇ ಓದಿಕೊಳ್ಳಿ. ಒಂದು ಸಿಲಿಂಡರ್ ಉರಿಯದಿದ್ದಾಗ ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕ್, ಒಂದು ಚೂರು ತಡವರಿಸುತ್ತದೆ, ಕಂಪ್ಯೂಟರ್ ಅದನ್ನು ಗಮನಿಸಿ ಕೋಡ್ ಬರೆದಿಡುತ್ತದೆ, ಅಷ್ಟೇ. ಮೂರನೇ ಬೆಂಚಿನಲ್ಲಿ ಗಲಾಟೆ ಅನ್ನುತ್ತದೆ. ಯಾರು, ಯಾಕೆ ಅನ್ನುವುದಿಲ್ಲ. ಅದನ್ನು ಕಂಡುಹಿಡಿಯೋಕೆ ಟೀಚರ್ ಬೇಕು. ಯಾರೋ ನಾಲ್ಕು ಜನ ಸುಮ್ನೆ ಕೀಳುತ್ತಾರೆ ಅಂತ ಒಂದೂವರೆ ಗಂಟೆ ಬಗ್ಗಿ ನಿಂತವರ ಕೂಲಿ ಹಿಡಿಯುವುದು ಯಾವ ನ್ಯಾಯ?

ಇವತ್ತು ಆಯಿಲ್ ಬಿಲ್ ಕೊಟ್ಟು, ಮೇಲೆ ನೂರು ಇಟ್ಟೆ. 'ಇದೇನು ಮೇಡಂ?' ಅಂದರು. 'ಹೋದ ವರ್ಷದ ಬಾಕಿ, ಕಾಯಿಲ್‌ದು' ಅಂದೆ. ಕೈ ಒರೆಸಿಕೊಂಡು ನೋಟು ಜೇಬಿಗೆ ಹಾಕಿಕೊಂಡರು.

'ಅದರ ಹಿಂದಿನ ವರ್ಷ ಕ್ಲಚ್ಚಿಂದೂ ನೂರೈವತ್ತು ಇದೆ ಮೇಡಂ' ಅಂದರು.