ಊರಿನ ಮನೆಗೊಂದು ವೈಸ್ ಗ್ರಿಪ್ ಬೇಕು

ನಾವಿರುವುದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನಲ್ಲಿ. ಹಿತ್ತಲ ನಲ್ಲಿಯ ಹಿಡಿ ಮುರಿದು ಬಿತ್ತು. ಪಕ್ಕದ ಮನೆಯ ಅಜ್ಜನನ್ನು "ಒಳ್ಳೇ ಪ್ಲಂಬರ್ ಯಾರಾದ್ರೂ ಗೊತ್ತಾ?" ಅಂತ ಕೇಳಿದೆ. ಆತ ಬೇಸಾಯ ಬಿಟ್ಟು ಪಟ್ಟಣ ಸೇರಿದವನು. ಉತ್ತರ ಕೊಡದೆ ತನ್ನ ಗ್ಯಾರೇಜಿಗೆ ಹೋಗಿ ಒಂದು ವೈಸ್ ಗ್ರಿಪ್, ಅಂದರೆ ಕಚ್ಚಿ ಹಿಡಿದು ಬಿಗಿಯಾಗಿ ನಿಲ್ಲುವ ಇಕ್ಕಳ, ತಂದ. ನಲ್ಲಿಯಲ್ಲಿ ಉಳಿದಿದ್ದ ಮೋಟು ಕಡ್ಡಿಗೆ ಅದನ್ನು ಕಚ್ಚಿಸಿ, ಅದುಮಿ, ಕೈ ಬಿಟ್ಟ. ಬೀಳಲಿಲ್ಲ. ತಿರುಗಿಸಿದ, ನೀರು ಬಂತು. "ಹೊಸ ಹಿಡಿ ತರೋವರೆಗೆ ಇದೇ ಇರಲಿ" ಅಂದ. ಅಷ್ಟಕ್ಕೇ ನಿಲ್ಲಿಸಬಾರದಿತ್ತಾ? "ನಿಮ್ಮಪ್ಪ ಇದೆಲ್ಲ ಹೇಳಿಕೊಡಲಿಲ್ವಾ?" ಅಂತ ಬೇರೆ ಕೇಳಿದ.

ಕುಹಕವೇನಲ್ಲ, ಸಹಜವಾಗಿಯೇ ಕೇಳಿದ್ದು. ಆದರೂ ಚುರುಕ್ಕೆಂದಿತು. ನಮ್ಮಪ್ಪ ನನಗೆ ಮಗ್ಗಿ ಕಲಿಸಿದರು, ಹಳಗನ್ನಡದ ಪದ್ಯ ಬಾಯಿಪಾಠ ಮಾಡಿಸಿದರು, ವ್ಯಾಕರಣ ತಿದ್ದಿದರು. ಸ್ಪ್ಯಾನರ್ ಮುಟ್ಟಿದರೆ ಮಾತ್ರ "ಅದು ನಿನಗ್ಯಾಕೋ, ಹೋಗಿ ಓದ್ಕೋ" ಅನ್ನುತ್ತಿದ್ದರು.

ದಾವಣಗೆರೆಯ ನಮ್ಮ ಮನೆಯಲ್ಲೂ ಸಾಮಾನಿನ ಡಬ್ಬ ಇತ್ತು. ಹಳೇ ಡಾಲ್ಡಾ ಡಬ್ಬ. ಅದರಲ್ಲಿ ಒಂದು ಕಟಿಂಗ್ ಪ್ಲೇಯರ್, ಉರಿಯದ ಟೆಸ್ಟರ್, ಹಿಡಿ ಅಲ್ಲಾಡುವ ಸುತ್ತಿಗೆ, ಸೊಟ್ಟ ಮೊಳೆಗಳು, ಒಂದಿಷ್ಟು ಫ್ಯೂಸ್ ವೈರು. ಆಯುಧಪೂಜೆ ದಿನ ಅದನ್ನು ಹೊರಗೆ ತೆಗೆದು, ಒರೆಸಿ, ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟು ಕೈ ಮುಗಿಯುತ್ತಿದ್ದೆವು. ಮಾರನೇ ದಿನ ವಾಪಸ್ ಅಟ್ಟಕ್ಕೆ. ಉಳಿದ ದಿನ ನಲ್ಲಿ ಸೋರಿದರೆ "ಯಾರಿಗಾದ್ರೂ ಹೇಳಿ ಕಳಿಸು" ಅಷ್ಟೇ. ಪೂಜೆ ನಮ್ಮದು, ಕೆಲಸ ಬೇರೆಯವರದು. ಈ ಮಾತಿಗೆ ನನ್ನ ಅಣ್ಣನಿಗೆ ಸಿಟ್ಟು ಬರುತ್ತೆ, ಬರಲಿ.

ನಲ್ಲಿ ಸರಿಯಾಯಿತು. ಆದರೆ ಆ ವೈಸ್ ಗ್ರಿಪ್ ನನ್ನ ತಲೆಯಿಂದ ಇಳಿಯಲಿಲ್ಲ. ಇದು ಇಲ್ಲಿಯದೇ ಸಾಮಾನು. ಲಿಂಕನ್‌ನಿಂದ ಕಾರಿನಲ್ಲಿ ಸುಮಾರು ಮುಕ್ಕಾಲು ಗಂಟೆ ಹೋದರೆ ಡಿ ವಿಟ್ ಅಂತ ಐನೂರು ಚಿಲ್ಲರೆ ಜನರ ಊರು. ಡೆನ್ಮಾರ್ಕ್‌ನಿಂದ ವಲಸೆ ಬಂದ ವಿಲಿಯಂ ಪೀಟರ್ಸನ್ ಎಂಬ ಕಮ್ಮಾರ ಅಲ್ಲಿ ಕುಲುಮೆ ಇಟ್ಟುಕೊಂಡಿದ್ದ. ಕಚ್ಚಿದ್ದನ್ನು ತಾನಾಗೇ ಬಿಡದ ಈ ಇಕ್ಕಳಕ್ಕೆ ಆತ ಪೇಟೆಂಟ್ ಪಡೆದದ್ದು 1924ರಲ್ಲಿ. ಮೊದಮೊದಲು ಕೊಂಡವರು ರೈತರು, ಗ್ಯಾರೇಜಿನವರು. ಇಲ್ಲಿ ಹಳೇ ಸಾಮಾನು ಮಾರುವ ಕಡೆ ಈಗಲೂ 'ಡಿ ವಿಟ್' ಅಂತ ಮುದ್ರೆ ಬಿದ್ದದ್ದು ಸಿಗುತ್ತದೆ. ನನ್ನದೂ ಅಂಥದ್ದೇ.

ಅದರ ಒಳಗುಟ್ಟು ಇಷ್ಟೇ. ಒಂದು ಹಿಡಿಯ ತುದಿಯಲ್ಲಿ ತಿರುಪು ಇದೆ. ಅದನ್ನು ತಿರುಗಿಸಿ ಬಾಯಿ ಎಷ್ಟು ಅಗಲ ಬೇಕೋ ಹೊಂದಿಸಿಕೊಳ್ಳಬೇಕು. ಹಿಡಿ ಅದುಮಿದಾಗ ಒಳಗಿನ ಪುಟ್ಟ ಪಟ್ಟಿ ನೆಟ್ಟಗಾಗಿ, ಇನ್ನೊಂಚೂರು ಆಚೆ ಜಾರಿ ಕೂರುತ್ತದೆ. ಆಮೇಲೆ ಒಳಗಿನ ಬಿಗಿಯೇ ಅದನ್ನು ಹಿಡಿದಿಡುತ್ತದೆ, ನಮ್ಮ ಕೈ ಬೇಕಿಲ್ಲ. ಬಿಡಿಸುವುದಕ್ಕೆ ಹಿಡಿಯಲ್ಲೇ ಒಂದು ಸಣ್ಣ ಲಿವರ್.

ಮನೆಯಲ್ಲಿ ಇದರ ಉಪಯೋಗ ನೋಡಿ. ಮೂಲೆ ಸವೆದು ದುಂಡಗಾದ ನಟ್ಟಿಗೆ ಸ್ಪ್ಯಾನರ್ ಜಾರುತ್ತೆ, ಇದು ಜಾರುವುದಿಲ್ಲ. ಕುಕ್ಕರ್ ಹಿಡಿಯ ಸ್ಕ್ರೂ ತಲೆ ಸವೆದು ಸ್ಕ್ರೂಡ್ರೈವರ್ ಸುಮ್ನೆ ಸುತ್ತುತ್ತಿದ್ದರೆ, ಆ ತಲೆ ಒಂಚೂರು ಮೇಲೆದ್ದಿದ್ದರೂ ಸಾಕು, ಕಚ್ಚಿಸಿ ತಿರುಗಿಸಬಹುದು. ತುಂಡಾದ ಬೋಲ್ಟನ್ನು ಎಳೆಯಬಹುದು. ಕಾಲು ಕಿತ್ತ ಸ್ಟೂಲಿಗೆ ಗೋಂದು ಹಚ್ಚಿ ರಾತ್ರಿಯಿಡೀ ಒತ್ತಿ ಹಿಡಿಸಬಹುದು. ಮೊಳೆಯನ್ನು ಇದರಲ್ಲಿ ಹಿಡಿದು ಹೊಡೆದರೆ ಬೆರಳು ಉಳಿಯುತ್ತೆ. ಚಾವಣಿಯ ಆ ಕಡೆ ನಟ್, ಈ ಕಡೆ ಬೋಲ್ಟ್ ಇದ್ದರೆ, ನಟ್ಟಿಗೆ ಇದನ್ನು ಕಚ್ಚಿಸಿ ಬಂದು ಈ ಕಡೆಯಿಂದ ಒಬ್ಬನೇ ಬಿಗಿ ಮಾಡಬಹುದು. ಎಚ್ಚರಿಕೆಯೂ ಉಂಟು. ಅದರ ಹಲ್ಲು ಕ್ರೋಮ್ ನಲ್ಲಿಯನ್ನು ಗೀರಿಬಿಡುತ್ತೆ, ಬಟ್ಟೆ ಸುತ್ತಿಕೊಳ್ಳಬೇಕು. ಪಿವಿಸಿ ಪೈಪನ್ನು ಜಾಸ್ತಿ ಅದುಮಿದರೆ ಬಿರುಕು. ಚೆನ್ನಾಗಿರುವ ನಟ್ಟಿಗೆ ಇದನ್ನು ಹಾಕಲೇಬಾರದು, ಅದಕ್ಕೆ ಸ್ಪ್ಯಾನರ್ ಇದೆ.

ಇಷ್ಟೂ ಕೆಲಸ ನೋಡಿದರೆ ಇದು ಹಿಡಿದುಕೊಳ್ಳುವವನ ಕೆಲಸ. ನಮ್ಮಲ್ಲಿ ಆ ಕೆಲಸಕ್ಕೆ ಮನುಷ್ಯ ಇರುತ್ತಾನೆ. ಪ್ಲಂಬರ್ ಬಂದರೆ ಹಿಂದೆ ಒಬ್ಬ ಹುಡುಗ, ಅವನ ಕೆಲಸವೇ ಹಿಡ್ಕೊಳ್ಳೋದು. ಫ್ಯಾನ್ ಕಟ್ಟುವಾಗ ಸ್ಟೂಲು ಹಿಡಿಯುವವರು ಇಬ್ಬರು, ಟಾರ್ಚ್ ಹಿಡಿಯುವವನು ಒಬ್ಬ, "ಎಡಕ್ಕೆ, ಇನ್ನೂ ಎಡಕ್ಕೆ" ಅನ್ನಲು ಎದುರು ಮನೆ ಮಾವ. ನನಗೆ ಬಾಲ್ಯದಲ್ಲಿ ಸಿಕ್ಕ ಏಕೈಕ ತಾಂತ್ರಿಕ ತರಬೇತಿ ಟಾರ್ಚ್ ಹಿಡಿಯುವುದು. ಅದನ್ನೂ ಸರಿಯಾಗಿ ಹಿಡಿಯಲಿಲ್ಲ ಅಂತ ಬೈಗುಳ. ಇಲ್ಲಿನ ಹೊಲದಲ್ಲಿ ಮೆಷೀನು ಕೆಟ್ಟರೆ ಕಣ್ಣಳತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಮೂರನೇ ಕೈಯನ್ನು ಕಬ್ಬಿಣದಲ್ಲೇ ಮಾಡಿಕೊಳ್ಳಬೇಕಾಯಿತು.

ನನಗಂತೂ ಇವರ ದಾರಿಯೇ ಹಿಡಿಸಿದೆ. ಓದಿದವರ ಮನೆಯಲ್ಲಿ ಕೈಗೆ ಗ್ರೀಸ್ ಮೆತ್ತಿದರೆ ಮರ್ಯಾದೆ ಹೋಯಿತು ಅನ್ನುವ ನಮ್ಮ ಠೀವಿ ಇದೆಯಲ್ಲ, ಅದು ಹೋಗಬೇಕು. ಒಂದು ವಾಷರ್ ಹಾಕಿಸಲು ಮೂರು ದಿನ ಫೋನ್ ಮಾಡಿ, "ಈಗ ಬಂದೆ ಸಾರ್" ಕೇಳಿಸಿಕೊಂಡು, ಬಕೆಟ್ ಇಟ್ಟುಕೊಂಡು ಕಾಯುವುದು ಯಾವ ಸುಖ?

ಹಾಗಂತ ಇಲ್ಲಿಯವರೆಲ್ಲ ಕೈಕೆಲಸದ ಮೇಲಿನ ಪ್ರೀತಿಗೇ ಹೀಗೆ ಮಾಡುತ್ತಾರೆ ಅಂದರೆ ಅದು ಸುಳ್ಳು. ಪ್ಲಂಬರ್ ಬಾಗಿಲು ತಟ್ಟಿದರೇ ನೂರು ಡಾಲರ್ ದಾಟುತ್ತೆ, ಅದಕ್ಕೇ ಎಲ್ಲರೂ ಪ್ಲಂಬರ್‌ಗಳು. ಇವರಲ್ಲೂ ಸೋಮಾರಿತನ ಇದೆ. ಅಜ್ಜನ ಲಾನ್ ಮೋವರಿಗೆ ಹಿಡಿಯಾಗಿ ವೈಸ್ ಗ್ರಿಪ್ಪೇ ಕಾಯಂ ನೇತಾಡುತ್ತಿದೆ. ಡಿ ವಿಟ್ ಕಾರ್ಖಾನೆ 2008ರಲ್ಲಿ ಮುಚ್ಚಿ ತಯಾರಿಕೆ ಚೀನಾಕ್ಕೆ ಹೋಯಿತು. ಆ ಬಗ್ಗೆ ಗೊಣಗುವವರೇ ಅಂಗಡಿಯಲ್ಲಿ ಅಗ್ಗದ್ದನ್ನು ಆರಿಸುತ್ತಾರೆ. ನಮ್ಮೂರಿನ ಗ್ರಿಲ್ ವೆಲ್ಡಿಂಗ್ ಹುಡುಗರೂ ದಿನವಿಡೀ ಇದನ್ನೇ ಹಿಡಿದು ದುಡಿಯುತ್ತಾರೆ, ಅವರ ಕೈಚಳಕ ಇಲ್ಲಿ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಇನ್ನೊಂದು, ಒಪ್ಪಿಕೊಳ್ಳಲು ಕಷ್ಟ. ಊರಿನ ನಮ್ಮ ಪ್ಲಂಬರ್‌ಗೆ ಗೋಡೆಯೊಳಗೆ ಪೈಪು ಎಲ್ಲಿ ತಿರುಗಿದೆ ಅಂತ ನಮಗಿಂತ ಚೆನ್ನಾಗಿ ಗೊತ್ತು. ತಡವಾಗಿ ಬಂದರೂ ಟೀ ಕುಡಿದು, ಅಮ್ಮನ ಮಂಡಿನೋವು ವಿಚಾರಿಸಿ, ಕೇಳದೇ ಇದ್ದ ಇನ್ನೊಂದು ನಲ್ಲಿಯನ್ನೂ ಸರಿಮಾಡಿ ಹೋಗುತ್ತಾನೆ. ಇಲ್ಲಿ ಸ್ಟೂಲು ಹತ್ತಿದಾಗ ಕೆಳಗೆ ಹಿಡಿಯಲು ಯಾರೂ ಇರುವುದಿಲ್ಲ. ಅದು ಒಂದೊಂದು ಸಲ ತುಂಬಾ ತಟ್ಟುತ್ತೆ.

ಆದರೂ ಊರಿನ ಡಾಲ್ಡಾ ಡಬ್ಬದಲ್ಲಿ ಒಂದು ವೈಸ್ ಗ್ರಿಪ್ ಇರಲಿ ಅಂತ ಅಣ್ಣನಿಗೆ ಹೇಳಿದ್ದೇನೆ. ಬಾಯಿ ಬಾಗಿರುವ ಹತ್ತಿಂಚಿನದು ಸಾಕು. ಇಲ್ಲಿಂದ ಹೊತ್ತು ತರುವುದೇನೂ ಬೇಡ, ಟಪಾರಿಯಾ ಕಂಪನಿಯವರದ್ದು ಅಲ್ಲೇ ಸಿಗುತ್ತದೆ. ಹೇಗೂ ಏಳಿಂಚಿಗಿಂತ ಉದ್ದದ ಸಾಮಾನನ್ನು ಇಲ್ಲಿಯವರು ಕೈಚೀಲದಲ್ಲಿ ವಿಮಾನ ಹತ್ತಿಸುವುದಿಲ್ಲ.