ಮಂಗಳ ಗ್ರಹದಲ್ಲಿ ಉಪ್ಪಿಟ್ಟು

ನಮ್ಮ ಮನೆಯ ಸಜ್ಜದ ಮೇಲೆ 900 ಚಿಲ್ಲರೆ ಡಿವಿಡಿಗಳಿವೆ. ಎಲ್ಲವೂ ಒಂದೇ ಸಿನಿಮಾ. ಹೀರೋ ನಾನು. ಸಿನಿಮಾದ ಹೆಸರು ಮಾತ್ರ ಹೇಳುವುದಿಲ್ಲ. ಯಾರಾದರೂ ಹುಡುಕಿ ನೋಡಿಬಿಟ್ಟರೆ ಕಷ್ಟ.

ಮಾಡಿದವನು ನನ್ನ ಭಾಮೈದ. 2010ರ ಮಾತು. ಸಾಫ್ಟ್‌ವೇರ್ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದ. ಒಂದು ಭಾನುವಾರ ಬೆಳಿಗ್ಗೆ ಹನುಮಂತನಗರದ ನಮ್ಮ ಮನೆಗೆ ಬಂದವನು ತಟ್ಟೆಗೆ ದೋಸೆ ಬೀಳುವ ಮೊದಲೇ ಶುರು ಮಾಡಿದ.

"ಭಾವ, ಅಮೆರಿಕದಲ್ಲಿ ನನ್ನ ಥರಾನೇ ಒಬ್ಬ ಇಂಜಿನಿಯರು 'ಪ್ರೈಮರ್' ಅಂತ ಟೈಮ್ ಮಷಿನ್ ಸಿನಿಮಾ ಮಾಡಿದ. ಖರ್ಚು ಬರೀ 7,000 ಡಾಲರ್. 2004ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನ ಹೊಡ್ಕೊಂಡ."

ಆಗ ಡಾಲರಿಗೆ ಹೆಚ್ಚುಕಮ್ಮಿ 45 ರೂಪಾಯಿ. ಮನಸ್ಸಿನಲ್ಲೇ ಗುಣಿಸಿದೆ. 3,15,000 ಆಯಿತು. "ನಿನ್ನ ಹತ್ರ ಎಷ್ಟಿದೆ?" ಅಂದೆ. "40,000" ಅಂದ. ಅಷ್ಟು ಕಮ್ಮಿ ಖರ್ಚು ಮಾಡಿದರೆ ಬಹುಮಾನ ಇನ್ನೂ ದೊಡ್ಡದು ಬರಬೇಕು ಅನ್ನುವುದು ಅವನ ಲೆಕ್ಕ.

ಆಮೇಲೆ ಇನ್ನೊಂದು ಉದಾಹರಣೆ ತೆಗೆದ. 1974ರ 'ಡಾರ್ಕ್ ಸ್ಟಾರ್'. ಅದರಲ್ಲಿ ಅನ್ಯಗ್ರಹದ ಪ್ರಾಣಿ ಅಂತ ತೋರಿಸುವುದು ಬಣ್ಣ ಬಳಿದ ಒಂದು ಗಾಳಿ ಚೆಂಡನ್ನು. ಕೆಳಗೆ ಎರಡು ಪಾದ ಅಂಟಿಸಿದ್ದಾರೆ, ಅಷ್ಟೇ. ಇದನ್ನು ಹೇಳುವಾಗ ಅವನು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದ. ಹೀಗೆ ನಾನು ಚಿತ್ರರಂಗಕ್ಕೆ ಬಂದೆ. ಕೊನೆಗೆ ಚೆಂಡಿನ ಪಾತ್ರ ಹೋಗಿ ಹೀರೋ ಪಾತ್ರವೇ ಸಿಕ್ಕಿತು. ಸಂಬಳ ಕೇಳದವನು ನಾನೊಬ್ಬನೇ ಇದ್ದೆ.

ವ್ಯೋಮಯಾತ್ರಿಯ ಡ್ರೆಸ್ಸಿಗಾಗಿ ಜೆ.ಸಿ. ರಸ್ತೆಗೆ ಹೋದೆವು. ಅಲ್ಲಿ ಬೆಳ್ಳಿ ಬಣ್ಣದ ಕಾರ್ ಕವರ್ ಸಿಗುತ್ತದೆ. "ಯಾವ ಗಾಡಿಗೆ ಸಾರ್?" ಅಂತ ಅಂಗಡಿಯವನು ಕೇಳಿದ. ಭಾಮೈದ ನನ್ನ ಕಡೆ ಕೈ ತೋರಿಸಿದ. ಅಂಗಡಿಯವನು ನಗಲಿಲ್ಲ. ನನ್ನನ್ನು ಒಂದು ಸುತ್ತು ಬಂದು, "ಮಾರುತಿ 800ದು ಸಾಲಲ್ಲ. ಅಂಬಾಸಿಡರ್‌ದು ತಗೊಳ್ಳಿ" ಅಂದ. ಅದನ್ನೇ ದರ್ಜಿಯ ಹತ್ತಿರ ಹೊಲಿಸಿದೆವು. ಮಳೆ ನೀರು ಒಳಗೆ ಬರದ ಬಟ್ಟೆ ಅದು. ಬೆವರೂ ಹೊರಗೆ ಹೋಗುವುದಿಲ್ಲ ಅನ್ನುವುದು ಹಾಕಿಕೊಂಡ ಮೇಲೆ ತಿಳಿಯಿತು.

ನೌಕೆ ನಮ್ಮ ತಾರಸಿಯ ಮೇಲೆ. ಎಸ್.ಪಿ. ರಸ್ತೆಯಿಂದ ತಂದ ಸೀರಿಯಲ್ ಸೆಟ್ಟು, ನೀರಿನ ಟ್ಯಾಂಕಿನ ಮುಚ್ಚಳ, ಇಡ್ಲಿ ಸ್ಟ್ಯಾಂಡು. ನೌಕೆ ಓಡಿಸುವ ಗುಂಡಿಗಳಿಗೆ ನನ್ನ ಹೆಂಡತಿಯ ಒಗ್ಗರಣೆ ಡಬ್ಬಿ. ಸಾಸಿವೆ ಒತ್ತಿದರೆ ನೌಕೆ ಏರಬೇಕು, ಮೆಂತ್ಯ ಒತ್ತಿದರೆ ಇಳಿಯಬೇಕು. ಒಂದು ಸಲ ಟೆನ್ಷನ್ನಿನಲ್ಲಿ ಖಾರದ ಪುಡಿ ಒತ್ತಿ, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ. ಸಿನಿಮಾದಲ್ಲಿ ನಾನು ಭೂಮಿಯನ್ನು ನೆನೆದು ಅಳುವ ದೃಶ್ಯ ಅದು. ಚೆನ್ನಾಗಿ ಬಂದಿದೆ.

ಮಂಗಳ ಗ್ರಹಕ್ಕೆ ಬನಶಂಕರಿ 6ನೇ ಹಂತಕ್ಕೆ ಹೋದೆವು. ಆಗ ಅಲ್ಲಿ ಮನೆಗಳು ಕಮ್ಮಿ, ಕೆಂಪು ಮಣ್ಣು ಜಾಸ್ತಿ. ತೊಂದರೆ ಅಂದರೆ ಸೈಟಿನ ಕಲ್ಲುಗಳು. ಎಲ್ಲಿ ಕ್ಯಾಮೆರಾ ಇಟ್ಟರೂ ನಂಬರು ಬರೆದ ನಾಲ್ಕು ಕಲ್ಲು ಕಾಣುತ್ತಿದ್ದವು. ಮಂಗಳನಲ್ಲಿ ನೀರಿದೆಯೋ ಇಲ್ಲವೋ, 30-40 ಸೈಟುಗಳಂತೂ ಇವೆ.

ಮಂಗಳನ ರಾಜ ನಮ್ಮ ದೊಡ್ಡಮಾವ, ಅಂದರೆ ಅತ್ತೆಯ ಅಣ್ಣ. ಅವರು 60,000 ರೂಪಾಯಿ ಕೊಟ್ಟಿದ್ದರು. ಹಾಗಾಗಿ ರಾಜ. ಶೂಟಿಂಗಿಗೆ ಬಂದವರು ಮೊದಲು ಕೇಳಿದ್ದು ತಮ್ಮ ಡೈಲಾಗ್ ಅಲ್ಲ, ಅಲ್ಲಿ ಚದರಡಿಗೆ ರೇಟು ಎಷ್ಟು ಅಂತ. ಹಣೆಯ ವಿಭೂತಿ ಅಳಿಸಲು ಒಪ್ಪಲಿಲ್ಲ. ವಾಚು ಬಿಚ್ಚಲಿಲ್ಲ. ಇದ್ದದ್ದು ಒಂದೇ ಡೈಲಾಗ್, 17 ಟೇಕ್ ಆಯಿತು.

ಮುಗಿದ ಸಿನಿಮಾ ಹೊತ್ತುಕೊಂಡು ಗಾಂಧಿನಗರಕ್ಕೆ ಹೋದೆವು. ಒಬ್ಬ ಹಂಚಿಕೆದಾರರು ಹತ್ತು ನಿಮಿಷ ನೋಡಿ, "ಇದು ಯಾವ ಕಾರಿನ ಜಾಹೀರಾತು?" ಅಂದರು. ಆದರೂ ಒಳ್ಳೆಯವರು. ಟೀ ಕೊಡಿಸಿ, "ಥಿಯೇಟರ್ ಬಾಡಿಗೆ ಕಟ್ಟಿ ಕೈ ಸುಟ್ಕೋಬೇಡಿ. ಸೀದಾ ಡಿವಿಡಿ ಮಾಡಿಬಿಡಿ" ಅಂದರು.

ಭಾಮೈದನಿಗೆ ಅಷ್ಟೇ ಸಾಕಾಯಿತು. "2007ರಲ್ಲಿ ಮೋಸರ್ ಬೇರ್ ಅಂತ ಡಿಸ್ಕ್ ಕಂಪನಿಯವರು ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಮಾಡಿಬಿಟ್ರು ಭಾವ. ಈಗ ಜನ ಡಿವಿಡಿನ ಸೊಪ್ಪು ತಗೊಂಡ ಹಾಗೆ ತಗೋತಾರೆ. ಮೋಸರ್ ಬೇರ್ ಮಾಡಿದ್ದನ್ನ ನಾವು ಮಾಡಕ್ಕಾಗಲ್ವಾ?"

ಅಡುಗೆಮನೆಯಿಂದ ಅತ್ತೆ, "ಮೊಸರು ಬೇರೆ ಯಾಕೆ ಮಾಡ್ತೀರೋ? ರಾತ್ರೀನೇ ಹೆಪ್ಪು ಹಾಕಿದೀನಲ್ಲ!" ಅಂದರು.

ಡಿವಿಡಿ ವಿಷಯದಲ್ಲಿ ನಾನೂ ಸ್ವಲ್ಪ ಕಲಿತೆ. ಮನೆಯ ಕಂಪ್ಯೂಟರಿನಲ್ಲಿ ಒಂದೊಂದೇ ಕಾಪಿ ಮಾಡುವುದು ಬೇರೆ, ಕಾರ್ಖಾನೆಯಲ್ಲಿ ಒತ್ತಿಸುವುದು ಬೇರೆ. ಅಲ್ಲಿ ಮೊದಲು ಗಾಜಿನ ತಟ್ಟೆಯ ಮೇಲೆ ಮಾಸ್ಟರ್ ಕೊರೆಯುತ್ತಾರೆ. ಅದರಿಂದ ಲೋಹದ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಲ್ಲಿ ಬಿಸಿ ಪ್ಲಾಸ್ಟಿಕ್ ಒತ್ತಿದರೆ ಡಿಸ್ಕು. ನಿಪ್ಪಟ್ಟು ತಟ್ಟಿದಷ್ಟು ಬೇಗ ಬರುತ್ತದಂತೆ. 1,000ಕ್ಕಿಂತ ಕಮ್ಮಿ ಒತ್ತುವುದಿಲ್ಲ ಅಂದರು. ಒತ್ತಿದ ಮೇಲೆ ತಿದ್ದಲೂ ಆಗುವುದಿಲ್ಲ ಅಂದರು. ಈ ಎರಡನೆಯ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ರೀಜನ್ ಅಂತ ಒಂದು ತಲೆನೋವು ಬೇರೆ. ಪ್ರಪಂಚವನ್ನು ಡಿವಿಡಿಯವರು ಪಾಲು ಮಾಡಿಕೊಂಡಿದ್ದಾರೆ. ಭಾರತ 5ನೇ ರೀಜನ್. ಅಮೆರಿಕ 1ನೇದು. ನಮ್ಮ ಜೊತೆ ರಷ್ಯಾ, ಮಂಗೋಲಿಯಾ, ಉತ್ತರ ಕೊರಿಯಾ ಎಲ್ಲ ಇವೆ. ಅಂದರೆ ನನ್ನ ಸಿನಿಮಾ ಉತ್ತರ ಕೊರಿಯಾದಲ್ಲಿ ಓಡುತ್ತದೆ, ನ್ಯೂಜೆರ್ಸಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಓಡುವುದಿಲ್ಲ. ಅಕ್ಕ ಇದನ್ನು ಕೇಳಿ ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ಮುಖ್ಯ ವಿಷಯ ಆಡಿಯೋ ಟ್ರ್ಯಾಕಿನದು. ಒಂದು ಡಿವಿಡಿಯಲ್ಲಿ 8 ಆಡಿಯೋ ಟ್ರ್ಯಾಕು, 32 ಭಾಷೆಯ ಸಬ್‌ಟೈಟಲ್ ಹಾಕಲು ಜಾಗ ಇದೆ. ನಮಗೆ ಇದ್ದದ್ದು ಒಂದೇ ಭಾಷೆ. ಸೈಟು ಕೊಂಡು ಅದರಲ್ಲಿ ಬರೀ ಬಚ್ಚಲುಮನೆ ಕಟ್ಟಿದ ಹಾಗೆ ಅನ್ನಿಸಿತು ಭಾಮೈದನಿಗೆ. "ಇಂಗ್ಲಿಷ್ ಡಿವಿಡಿಗಳಲ್ಲಿ ಕಾಮೆಂಟರಿ ಅಂತ ಇರುತ್ತೆ ಭಾವ. ಸಿನಿಮಾ ಓಡ್ತಿರುತ್ತೆ, ಡೈರೆಕ್ಟರು ಹೀರೋ ಕೂತ್ಕೊಂಡು ಹೇಗೆ ತೆಗೆದ್ವಿ ಅಂತ ಮಾತಾಡ್ತಾರೆ. ನಾವೂ ಮಾಡೋಣ, ಎರಡನೇ ಟ್ರ್ಯಾಕಲ್ಲಿ ಇರಲಿ."

ಒಂದು ರಾತ್ರಿ ನಮ್ಮ ಕೋಣೆಯ ಕಿಟಕಿಗೆ ಕೌದಿ ಕಟ್ಟಿ ಕೂತೆವು. ಮುಂದೆ ಮೈಕು, ಮಧ್ಯೆ ಒಂದು ಡಬ್ಬಿ ಕೋಡುಬಳೆ. ಹೆಂಡತಿ, ಅತ್ತೆ ಮಲಗಿದ್ದರು. ಸಿನಿಮಾ ಹಾಕಿಕೊಂಡು ಬಾಯಿಗೆ ಬಂದದ್ದು ಮಾತಾಡಿದೆವು. ಅಷ್ಟು ನಕ್ಕು ಎಷ್ಟೋ ವರ್ಷ ಆಗಿತ್ತು. ಎರಡನೇ ಟ್ರ್ಯಾಕು ಯಾರು ಕೇಳುತ್ತಾರೆ, ಅಲ್ವಾ?

ಕಾರ್ಖಾನೆಗೆ ಕಳಿಸುವ ಮುಂಚಿನ ರಾತ್ರಿ ಭಾಮೈದ ಡಿಸ್ಕನ್ನು ನಮ್ಮ ಮನೆಯ ಟಿವಿಯಲ್ಲಿ ಪೂರ್ತಿ ನೋಡಿ ಪರೀಕ್ಷೆ ಮಾಡಿದ. ಹಾಲಿನಲ್ಲಿ ಅತ್ತೆ ಮಲಗಿದ್ದರಿಂದ ಸೌಂಡು ಪೂರ್ತಿ ಇಳಿಸಿಕೊಂಡಿದ್ದ.

ಬಿಡುಗಡೆ ಒಂದು ಭಾನುವಾರ ಸಂಜೆ, ನಮ್ಮ ಹಾಲಿನಲ್ಲಿ. ನೆಂಟರಿಷ್ಟರು ಸೇರಿ ಇಪ್ಪತ್ತಮೂರು ಜನ. ದೊಡ್ಡಮಾವ ರೇಷ್ಮೆ ಪಂಚೆ ಉಟ್ಟು ಮುಂದಿನ ಕುರ್ಚಿಯಲ್ಲಿ. ನಾನು ಆಸೆಗೆ ಬಿದ್ದು ನಮ್ಮ ಆಫೀಸಿನ ಮ್ಯಾನೇಜರನ್ನೂ ಕರೆದಿದ್ದೆ. ಅವರು ಬಂದವರೇ ಅತ್ತೆಯ ಹತ್ತಿರ ಹೋಗಿ, "ಈಗ ಸೊಂಟ ಹೇಗಿದೆ ಅಮ್ಮ?" ಅಂದರು. ಅತ್ತೆ, "ನನ್ನ ಸೊಂಟಕ್ಕೇನಾಗಿದೆ?" ಅಂದರು. ನಾನು ಮಧ್ಯೆ ನುಗ್ಗಿ, "ಸಾರ್, ಬೋಂಡಾ ಆರಿಹೋಗುತ್ತೆ" ಅಂತ ಅವರನ್ನು ಎಳೆದುಕೊಂಡು ಹೋದೆ.

ದೊಡ್ಡಮಾವ ಡಿವಿಡಿಗೆ ಕುಂಕುಮ ಹಚ್ಚಿದರು. ಹಚ್ಚಬೇಕಾದದ್ದು ಕವರಿಗೆ, ಅವರು ಡಿಸ್ಕಿಗೇ ಹಚ್ಚಿದರು. ಅದನ್ನು ಒರೆಸಿ ಹಾಕಿದ್ದಾಯಿತು. ಮೊದಲು ಸೆನ್ಸಾರ್ ಸರ್ಟಿಫಿಕೇಟು ಬಂತು. ಮನೆಯಲ್ಲಿ ನೋಡುವ ಡಿವಿಡಿ ಮಾರಲಿಕ್ಕೂ ಅದು ಬೇಕು. ನಮ್ಮದು 'ಯು'. ಎಲ್ಲರೂ ಚಪ್ಪಾಳೆ ತಟ್ಟಿದರು. ಸೆನ್ಸಾರಿನವರು ಕೇಳಿದ್ದು ಮೊದಲನೇ ಟ್ರ್ಯಾಕು ಮಾತ್ರ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ತೆರೆಯ ಮೇಲೆ ಕೆಂಪು ನೆಲ. ನಾನು ಬೆಳ್ಳಿ ಬಣ್ಣದಲ್ಲಿ ನಡೆದು ಬರುತ್ತಿದ್ದೇನೆ. ಕರಕರ ಸದ್ದು. ಎಲ್ಲರೂ ಮಂಗಳನ ನೆಲದ ಮೇಲೆ ಬೂಟಿನ ಸದ್ದು ಅಂದುಕೊಂಡರು. ನನಗೆ ಗೊತ್ತಾಯಿತು. ಅದು ಕೋಡುಬಳೆ.

ಭಾಮೈದ ರಿಮೋಟಿಗೆ ಕೈ ಹಾಕಿದ. ಆಡಿಯೋ ಅಂತ ಒಂದು ಗುಂಡಿ ಇರುತ್ತದೆ, ಒತ್ತಿದರೆ ಟ್ರ್ಯಾಕು ಬದಲಾಗುತ್ತದೆ. ಒತ್ತಿದ. ಆಗಲಿಲ್ಲ. ಹಿಂಬದಿ ತೆಗೆದು ನೋಡಿದರೆ ಒಂದೇ ಸೆಲ್ಲು. ಇನ್ನೊಂದು ಸೆಲ್ಲು ಗೋಡೆ ಗಡಿಯಾರದಲ್ಲಿತ್ತು. ಹಾಕಿದವನು ನಾನೇ. ಬೆಳಿಗ್ಗೆ ತಾನೇ ಹಾಕಿದ್ದೆ, ಗಡಿಯಾರ ನಿಂತಿದ್ದರೆ ಶುಭ ಅಲ್ಲ ಅಂತ.

ಅವನು ಸ್ಟೂಲು ಹುಡುಕುವಷ್ಟರಲ್ಲಿ ಟಿವಿಯಲ್ಲಿ ಅವನದೇ ದನಿ ಬಂತು. "ಭಾವ, ಇಲ್ಲಿ ನೋಡಿ, ಮಾವ ಕಣ್ಣು ಮುಚ್ಚಿದಾರಲ್ಲ, ಜನ ಧ್ಯಾನ ಅಂದ್ಕೋತಾರೆ. ನಿದ್ದೆ ಅದು."

ನನ್ನ ದನಿ: "ವಿಭೂತಿ ಇರೋದ್ರಿಂದ ಬಚಾವಾದೆ ಬಿಡು."

"60,000 ಕೊಡದಿದ್ರೆ ಇವರಿಗೆ ಕಲ್ಲಿನ ಪಾರ್ಟ್ ಕೊಡ್ತಿದ್ದೆ."

"ಪಕ್ಕದಲ್ಲಿರೋ ಸೈಟಿನ ಕಲ್ಲು ನೋಡು. ಇವರಿಗಿಂತ ಚೆನ್ನಾಗಿ ಮಾಡಿದೆ."

ಹಾಲಿನಲ್ಲಿ ಉಸಿರಿಲ್ಲ. ನಾನು ಪ್ಲಗ್ಗು ಕೀಳಲು ಹೊರಟೆ. ದೊಡ್ಡಮಾವ ಕೈ ಅಡ್ಡ ಹಿಡಿದು, "ಇರಲಿ, ಓಡಲಿ" ಅಂದರು. 17 ಟೇಕಿನಲ್ಲೂ ಅವರಿಗೆ ಬಾರದ ರಾಜಗಾಂಭೀರ್ಯ ಆ ಒಂದು ಮಾತಿನಲ್ಲಿತ್ತು.

ಓಡಿತು. ನಾಲ್ಕು ದಿನ ಶೂಟಿಂಗಿಗೆ ರಜೆ ಹೇಗೆ ಸಿಕ್ಕಿತು ಅಂತ ಭಾಮೈದ ಕೇಳುವ ಜಾಗ ಬಂತು. ನಾನು ಟಿವಿಯಲ್ಲಿ ಖುಷಿಯಾಗಿ ಹೇಳಿದೆ: "ಅತ್ತೆ ಬಚ್ಚಲುಮನೆಯಲ್ಲಿ ಜಾರಿಬಿದ್ದು ಸೊಂಟ ಮುರ್ಕೊಂಡ್ರು ಅಂದೆ. ಮ್ಯಾನೇಜರ್ ಪಾಪ, ನಂಬಿಬಿಟ್ಟ."

ನಂಬಿದ್ದಕ್ಕೆ ಅಲ್ಲ, 'ನಂಬಿಬಿಟ್ಟ' ಅನ್ನುವ ಏಕವಚನಕ್ಕೆ ಮ್ಯಾನೇಜರ್ ಬೋಂಡಾ ಕೆಳಗಿಟ್ಟರು. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. ಸೊಂಟ ಪೂರ್ತಿ ತಿರುಗಿತು. ಯಾವ ತೊಂದರೆಯೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಶೂಟಿಂಗ್ ದಿನದ ಊಟದ ಮಾತು ಬಂತು. "ಆವತ್ತು ನಿಮ್ಮಕ್ಕ ಒಂದು ಉಪ್ಪಿಟ್ಟು ಕಳಿಸಿದ್ಲಲ್ಲ" ಅಂದೆ ಟಿವಿಯೊಳಗಿಂದ. "ಗಾಂಧಿನಗರದಲ್ಲಿ ಪೋಸ್ಟರ್ ಅಂಟಿಸೋಕೆ ಮೈದಾ ಗೋಂದು ಯಾಕೆ ಸುಮ್ನೆ? ಇದನ್ನೇ ಬಳೀಬಹುದಿತ್ತು." ಆಮೇಲೆ ನಾವಿಬ್ಬರೂ ಒಂದು ನಿಮಿಷ ನಗುವುದು ಮಾತ್ರ ಇದೆ. ನನ್ನ ನಗು ಎಡ ಸ್ಪೀಕರಿನಲ್ಲಿ, ಅವನದು ಬಲ ಸ್ಪೀಕರಿನಲ್ಲಿ. ರೆಕಾರ್ಡಿಂಗ್ ಬಹಳ ಸ್ಪಷ್ಟವಾಗಿತ್ತು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸದ್ದು ನಿಂತಿತು.

ಭಾಮೈದ ಕೊನೆಗೂ ಗಡಿಯಾರದಿಂದ ಸೆಲ್ಲು ಕಿತ್ತು ತಂದ. ಆಡಿಯೋ ಗುಂಡಿ ಒತ್ತಿದ. ಟ್ರ್ಯಾಕು ಬದಲಾಗಿ ನಿಜವಾದ ಸಿನಿಮಾ ಕೇಳಿಸಿತು. ನಾನು ಗಂಭೀರವಾಗಿ, "ಈ ಗ್ರಹದಲ್ಲಿ ನಾನೊಬ್ಬನೇ" ಅನ್ನುತ್ತಿದ್ದೆ. ಎರಡು ನಿಮಿಷಕ್ಕೆ ಹಿಂದಿನ ಸಾಲಿನಿಂದ ಯಾರೋ, "ಮೊದಲು ಬರ್ತಿತ್ತಲ್ಲ, ಅದೇ ಹಾಕ್ರೋ" ಅಂದರು. ಮಕ್ಕಳು ಗಲಾಟೆ ಮಾಡಿದರು. ಅಕ್ಕ ನ್ಯೂಜೆರ್ಸಿಯಿಂದ ಫೋನ್ ಮಾಡಿ, ರಿಸೀವರನ್ನು ಟಿವಿ ಹತ್ತಿರ ಹಿಡಿಯಿರಿ ಅಂದಳು. ಅಷ್ಟು ಬೇಗ ಅಲ್ಲಿಗೆ ಸುದ್ದಿ ಯಾರು ಮುಟ್ಟಿಸಿದರೋ ಇವತ್ತಿಗೂ ಗೊತ್ತಿಲ್ಲ. ಧ್ವನಿಗೆ ರೀಜನ್ ಇಲ್ಲ ನೋಡಿ.

ಸಿನಿಮಾ ಮುಗಿದ ಮೇಲೆ ದೊಡ್ಡಮಾವ ಎದ್ದರು. ನಾನು ಮನಸ್ಸಿನಲ್ಲೇ 60,000ಕ್ಕೆ ಬಡ್ಡಿ ಲೆಕ್ಕ ಹಾಕುತ್ತಿದ್ದೆ.

"ಲೋ, ಅದು ನಿದ್ದೆ ಅಲ್ಲ ಕಣೋ" ಅಂದರು ಭಾಮೈದನಿಗೆ. "ಬಿಸಿಲು. ಕಣ್ಣು ಬಿಡಕ್ಕಾಗ್ತಿರ್ಲಿಲ್ಲ. ನೀವಿಬ್ಬರೇ ಮಾತಾಡಿದ್ರೆ ಜನಕ್ಕೆ ಹೇಗೆ ಗೊತ್ತಾಗುತ್ತೆ? ಎಂಟು ಟ್ರ್ಯಾಕ್ ಇದೆ ಅಂದ್ಯಲ್ಲ, ಮೂರನೇದು ನನಗೆ ಕೊಡು. ನಾನೂ ಮಾತಾಡೋದಿದೆ."

"ನಾಲ್ಕನೇದು ನನಗಿರಲಿ" ಅಂದರು ಅತ್ತೆ.

ಮ್ಯಾನೇಜರ್ ಟ್ರ್ಯಾಕು ಕೇಳಲಿಲ್ಲ. ನಾಳೆ ಹತ್ತು ಗಂಟೆಗೆ ಕ್ಯಾಬಿನ್ನಿಗೆ ಬನ್ನಿ ಅಂದರು.

ನನ್ನ ಹೆಂಡತಿ ಏನೂ ಅನ್ನಲಿಲ್ಲ. ಎಲ್ಲರಿಗೂ ಕಾಫಿ ಕೊಟ್ಟಳು, ನನಗೂ ಕೊಟ್ಟಳು. ಸಕ್ಕರೆಯೂ ಸರಿಯಾಗಿತ್ತು. ರಾತ್ರಿ ಚೆನ್ನಾಗಿಯೇ ನಿದ್ದೆ ಬಂತು.

ಬೆಳಿಗ್ಗೆ ಆಫೀಸಿಗೆ ರೆಡಿಯಾಗಿ ಬಂದು ಕೂತೆ. ಮುಂದೆ ತಟ್ಟೆ ಬಂತು. ಬಿಸಿ ಉಪ್ಪಿಟ್ಟು. ಪಕ್ಕದಲ್ಲಿ ಚಮಚದ ಬದಲು ನಾಲ್ಕಿಂಚಿನ ಒಂದು ಪೇಂಟ್ ಬ್ರಷ್ಷು.