ನೆಲ್ ಅಂದ್ರೆ ಯಾವ ಗಂಟೆ?

ಇಂಗ್ಲಿಷಿನಲ್ಲಿ ‘ನೆಲ್’ ಅಂತ ಒಂದು ಪದ ಇದೆ. ಬರೆಯುವಾಗ ಮುಂದೆ ಒಂದು ‘ಕೆ’ ಬರುತ್ತದೆ, ಓದುವಾಗ ಅದು ಉಸಿರೆತ್ತುವುದಿಲ್ಲ. ಮೊದಲ ಅಕ್ಷರವೇ ಹೀಗೆ ಸತ್ತು ಮಲಗಿರುವುದನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು, ಅಲ್ವಾ?

ಬರಲಿಲ್ಲ. ತಪ್ಪು ಥಾಮಸ್ ಗ್ರೇ ಎಂಬ ಕವಿಯದು ಅಂತ ಈಗಲೂ ವಾದ ಮಾಡುತ್ತೇನೆ. 1751ರಲ್ಲಿ ಪ್ರಕಟವಾದ ಅವರ ಪದ್ಯದ ಮೊದಲ ಸಾಲಿನಲ್ಲೇ, ಮುಗಿಯುತ್ತಿರುವ ದಿನಕ್ಕೆ ಗಂಟೆ ‘ನೆಲ್’ ಬಾರಿಸುತ್ತದೆ. ಸಂಜೆ, ಗಂಟೆ, ಅಂಬಾ ಅನ್ನುವ ದನಗಳು. ಎಷ್ಟು ಚೆಂದ ಅಂದುಕೊಂಡು ಅಲ್ಲಿಗೇ ಪುಸ್ತಕ ಮುಚ್ಚಿದೆ. ಸಮಾಧಿಗಳ ವಿಷಯ ಶೀರ್ಷಿಕೆಯಲ್ಲೇ ಇತ್ತು. ಶೀರ್ಷಿಕೆ ಯಾರು ಓದುತ್ತಾರೆ?

ಮುಂದೆ ಆಫೀಸಿನ ಹಿರಿಯರೊಬ್ಬರು 60 ತುಂಬಿ ನಿವೃತ್ತರಾದರು. ಬೀಳ್ಕೊಡುಗೆ ಕಾರ್ಡಿನಲ್ಲಿ ಎಲ್ಲರೂ ‘ಶುಭವಾಗಲಿ’ ಅಂತ ಗೀಚಿ ಸುಮ್ಮನಾದರು. ನಾನು ಸ್ವಲ್ಪ ಜಾಸ್ತಿ ಬರೆದೆ, ಅದೂ ಇಂಗ್ಲಿಷಿನಲ್ಲಿ: ನಿಮ್ಮ ನೆಲ್ ಇಂಪಾಗಿ, ಬಹಳ ಹೊತ್ತು ಮೊಳಗಲಿ!

ಅವರು ಮೈಕ್ ಹಿಡಿದು ಒಂದೊಂದೇ ಹಾರೈಕೆ ಓದುತ್ತಾ ಬಂದರು. ನನ್ನದು ಬಂದಾಗ ನಿಂತರು. ಕನ್ನಡಕ ತೆಗೆದು ಒರೆಸಿಕೊಂಡರು. ಭಾವುಕರಾದರು ಅಂತ ನಾನು ಚಪ್ಪಾಳೆಗೆ ಕೈ ಎತ್ತಿದೆ.

“ಇದು ಸತ್ತೋರಿಗೆ ಬಾರಿಸೋ ಗಂಟೆ ಕಣಪ್ಪ. ನನ್ನ ಪಿಂಚಣಿ ಕೂಡ ಇನ್ನೂ ಶುರುವಾಗಿಲ್ಲ.”

ಆ ರಾತ್ರಿ ನಿದ್ದೆ ಬರದೆ ಪದದ ಪೂರ್ವಾಪರ ಓದಿದೆ. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಹಿಂದೆ ಸಾವಿನ ಸುದ್ದಿಯನ್ನು ಚರ್ಚಿನ ಗಂಟೆಯೇ ಹೇಳುತ್ತಿತ್ತು. ಗಂಡಸಾದರೆ ಮೂರು ಮೂರರಂತೆ 9 ಪೆಟ್ಟು, ಹೆಂಗಸಾದರೆ 6 (ಊರಿಂದೂರಿಗೆ ಲೆಕ್ಕ ಬದಲಾಗುತ್ತಿತ್ತು). ಆಮೇಲೆ ವಯಸ್ಸು ಎಷ್ಟೋ ಅಷ್ಟು. ಹೊಲದಲ್ಲಿದ್ದವರು ನಿಂತು ಎಣಿಸಿದರೆ ಸಾಕು, ಹೋದವರು ಯಾರು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತಿತ್ತು. ಗಂಟೆಯ ನಾಲಿಗೆಯ ಒಂದು ಪಕ್ಕಕ್ಕೆ ತೊಗಲು ಕಟ್ಟುವುದೂ ಉಂಟಂತೆ. ಒಂದು ಪೆಟ್ಟು ಜೋರು, ಮುಂದಿನದು ಅದರ ಪ್ರತಿಧ್ವನಿಯ ಹಾಗೆ ಮಂದ. ಅಂಥದ್ದೊಂದು ತುಂಡು ತೊಗಲನ್ನು ಯಾರಾದರೂ ನನ್ನ ಪೆನ್ನಿಗೂ ಕಟ್ಟಬಾರದಿತ್ತೇ!

ಮರುದಿನ ಫೋನ್ ಮಾಡಿ ಕ್ಷಮೆ ಕೇಳಿದೆ. ಅಷ್ಟಕ್ಕೇ ಇಡಬಹುದಿತ್ತು. ಓದಿದ್ದೆಲ್ಲ ಒದರಿಬಿಟ್ಟೆ.

“ಹಾಗಾದ್ರೆ ನನ್ನ ಲೆಕ್ಕ?” ಅಂದರು.

“9ಕ್ಕೆ 60 ಸೇರಿಸಿದ್ರೆ 69 ಸರ್.” ಬಾಯಿಗೆ ಬಂದೇಬಿಟ್ಟಿತು.

ಮೊನ್ನೆ ಅವರ ಹುಟ್ಟುಹಬ್ಬ. ನಾನೇ ಫೋನ್ ಮಾಡಿದೆ. ಹಲೋ ಅನ್ನುವ ಮೊದಲೇ ಆ ಕಡೆಯಿಂದ ಬಂತು: “70 ಆಯ್ತು ಕಣಪ್ಪ. ಕೈ ನೋಯುತ್ತೆ, ಈಗಿಂದ್ಲೇ ಅಭ್ಯಾಸ ಮಾಡ್ಕೋ.”